ಗೋಡೆ ಮೇಲೆ ಬರೆದರೆ ಕಲೆಯೋ, ಕಿಡಿಗೇಡಿತನವೋ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಗೋಡೆಗೆ ಚಿತ್ರ ಬರೆಯುವ ಒಂದಿಷ್ಟು ಗೆಳೆಯರು ನಾವು. ಏಣಿ ಹತ್ತಿ ನಿಂತಾಗ ಕೆಳಗಿನಿಂದ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೆಲವರು ಜಗಳಕ್ಕೆ ಕೇಳುತ್ತಾರೆ, ಕೆಲವರು ತಿಳಿಯಲಿಕ್ಕೆ ಕೇಳುತ್ತಾರೆ. ಬ್ರಷ್ ಹಿಡಿದುಕೊಂಡು ಉದ್ದುದ್ದ ಉತ್ತರ ಕೊಡಲು ಆಗುವುದಿಲ್ಲವಲ್ಲ, ಹಾಗಾಗಿ ಇಲ್ಲಿ ಬರೆದಿದ್ದೇನೆ. ಉತ್ತರಗಳು ನನ್ನವು. ಎಲ್ಲದಕ್ಕೂ ಗೆಳೆಯರ ಒಪ್ಪಿಗೆ ಇದೆ ಅಂದುಕೊಳ್ಳಬೇಡಿ.

ಗ್ರಾಫಿಟಿ ಅಂದ್ರೆ ಏನು? ಗೋಡೆ ಮೇಲಿರೋ ಚಿತ್ರ ಎಲ್ಲಾ ಗ್ರಾಫಿಟಿನಾ?

ಅಲ್ಲ. ಯಾರನ್ನೂ ಕೇಳದೆ, ಬೇರೆಯವರ ಗೋಡೆ ಮೇಲೆ, ಸಾಮಾನ್ಯವಾಗಿ ಕತ್ತಲಲ್ಲಿ ಬರೆದದ್ದಕ್ಕೆ ಗ್ರಾಫಿಟಿ ಅನ್ನುತ್ತಾರೆ. ಮಾಲೀಕರ ಒಪ್ಪಿಗೆ ಪಡೆದು ಹಗಲಲ್ಲೇ ಬರೆದ ದೊಡ್ಡ ಚಿತ್ರ ಭಿತ್ತಿಚಿತ್ರ, ಮ್ಯೂರಲ್ ಅಂತಲೂ ಕರೆಯುತ್ತಾರೆ. ನಾವು ಮಾಡುವುದು ಎರಡನೆಯದು.

ಈಗಿನ ಸ್ಪ್ರೇ ಡಬ್ಬಿಯ ಗ್ರಾಫಿಟಿ ಶುರುವಾಗಿದ್ದು 1960ರ ದಶಕದ ಕೊನೆಯಲ್ಲಿ, ಅಮೆರಿಕದ ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್‌ನಲ್ಲಿ. ನ್ಯೂಯಾರ್ಕ್‌ನಲ್ಲಿ ಪತ್ರ, ಪಾರ್ಸೆಲ್ ತಲುಪಿಸುತ್ತಾ ಊರೆಲ್ಲ ತಿರುಗುತ್ತಿದ್ದ ಒಬ್ಬ ಹುಡುಗ ಹೋದಲ್ಲೆಲ್ಲ 'ಟಾಕಿ 183' ಅಂತ ಬರೆಯುತ್ತಿದ್ದ. 183 ಅವನ ಮನೆ ಇದ್ದ ಬೀದಿಯ ನಂಬರು. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ಬರೆಯಿತು. ಅದನ್ನು ಓದಿದ ನೂರಾರು ಹುಡುಗರು ಮಾರ್ಕರ್ ಹಿಡಿದು ಹೊರಟರು. ಬರೀ ಹೆಸರು ಬರೆಯುವುದಕ್ಕೆ ಟ್ಯಾಗ್ ಅನ್ನುತ್ತಾರೆ. ಮುಂದೆ ಅಕ್ಷರ ದೊಡ್ಡದಾಯಿತು, ಬಣ್ಣ ಜಾಸ್ತಿಯಾಯಿತು, ರೈಲು ಬೋಗಿಗಳೇ ಕ್ಯಾನ್ವಾಸ್ ಆದವು. ಕೊನೆಗೆ 1989ರ ಮೇ ತಿಂಗಳಲ್ಲಿ ಅಲ್ಲಿನ ಮೆಟ್ರೋದವರು 'ನಮ್ಮ ಬೋಗಿಗಳಲ್ಲಿ ಇನ್ನು ಗ್ರಾಫಿಟಿ ಇಲ್ಲ' ಅಂತ ಘೋಷಿಸಿದರು. ಅಷ್ಟು ಹೊತ್ತಿಗೆ ಅದು ಪ್ರಪಂಚವೆಲ್ಲ ಹರಡಿಬಿಟ್ಟಿತ್ತು.

ಸುತ್ತಿ ಬಳಸಿ ಹೇಳಬೇಡಿ. ಅದು ಕಲೆನಾ, ಹಾನಿನಾ?

ಎರಡೂ ಆಗಬಹುದು, ಒಂದೇ ಗೋಡೆ ಮೇಲೆ, ಒಂದೇ ಸಲಕ್ಕೆ. ಚಿತ್ರ ಚೆನ್ನಾಗಿದೆ ಅಂದ ಮಾತ್ರಕ್ಕೆ ಗೋಡೆಯವನಿಗೆ ಆದ ಖರ್ಚು ಸುಳ್ಳಾಗುವುದಿಲ್ಲ. ಅನುಮತಿ ಇಲ್ಲ ಅಂದ ಮಾತ್ರಕ್ಕೆ ಚಿತ್ರ ಕೆಟ್ಟದ್ದೂ ಆಗುವುದಿಲ್ಲ. ಕಾನೂನಿಗೆ ಪೂರ್ತಿ ಸರಿಯಾಗಿದ್ದು ನೋಡಲಾಗದ ಚಿತ್ರಗಳೂ ಬೇಕಾದಷ್ಟಿವೆ. ಕೆಲವನ್ನು ನಾವೇ ಬರೆದಿದ್ದೇವೆ.

ನಾನು ನೋಡುವುದು ಇಷ್ಟು. ಆ ಜಾಗದ ಮೇಲೆ ಮೊದಲೇ ಬೇರೆಯವರ ಕೆಲಸ ಇದೆಯಾ? ಇದ್ದರೆ ಮಾತೇ ಇಲ್ಲ, ಅದು ಹಾನಿ. ಎಷ್ಟೇ ದೊಡ್ಡ ಕಲಾವಿದ ಬರೆದರೂ ಹಾನಿ. ಇಲ್ಲದಿದ್ದರೆ, ಬರೆದದ್ದು ಬೇಡವಾದಾಗ ಅಳಿಸಲು ಆಗುತ್ತದಾ? ಅಳಿಸುವ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ? ಬೋಳು ಸಿಮೆಂಟ್ ಕಾಂಪೌಂಡ್ ಮೇಲೆ ಒಂದು ಮಾತು ಬರೆಯುವುದಕ್ಕೂ, ಬಡ ಅಂಗಡಿಯವನ ಹೊಸ ಶಟರ್ ಮೇಲೆ ನಿಮ್ಮ ಹೆಸರು ಗೀಚುವುದಕ್ಕೂ ಬಹಳ ವ್ಯತ್ಯಾಸ ಇದೆ. ಚೆಂದವೋ ಅಲ್ಲವೋ ಅನ್ನುವ ಪ್ರಶ್ನೆ ನನಗೆ ಇವೆಲ್ಲ ಆದಮೇಲೆ ಬರುತ್ತದೆ.

ಶ್ರವಣಬೆಳಗೊಳದಲ್ಲಿ ಹಿಂದಿನವರು ಬಂಡೆ ಮೇಲೆಲ್ಲಾ ಹೆಸರು ಕೆತ್ತಿಲ್ವಾ? ಅವರು ಕೆತ್ತಿದರೆ ಶಾಸನ, ನಾವು ಕೆತ್ತಿದರೆ ಅಪರಾಧನಾ?

ಈ ಪ್ರಶ್ನೆ ಕೇಳಿದವರಿಗೆ ಒಂದು ಕಾಫಿ ಕೊಡಿಸಬೇಕು ಅನ್ನಿಸುತ್ತದೆ. ಇಡೀ ವಿಷಯದಲ್ಲಿ ನಿಜಕ್ಕೂ ಕಷ್ಟದ ಪ್ರಶ್ನೆ ಇದೇ.

ಚಿಕ್ಕಬೆಟ್ಟಕ್ಕೆ ಹೋಗಿ ನೋಡಿ. ಬಸದಿಗಳ ಸುತ್ತ ಬಂಡೆ ಮೇಲೆ ಅಕ್ಷರವೋ ಅಕ್ಷರ. ಶಾಸನಗಳನ್ನು ಹುಡುಕಿ ಓದುತ್ತಿದ್ದ ವಿದ್ವಾಂಸ ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಮತ್ತೆ ಹೊರತಂದಾಗ ಅದು 500 ಆಗಿತ್ತು. ಇವೆಲ್ಲ ರಾಜರ ದಾನಶಾಸನ ಅಂದುಕೊಳ್ಳಬೇಡಿ. ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ನೆನಪಿಗೆ ಹಾಕಿಸಿದ್ದು ಒಂದು ಬಗೆ. ಇನ್ನೊಂದು ಬಗೆ ಬರೀ ಹೆಸರು. ಬಂದರು, ದರ್ಶನ ಮಾಡಿದರು, ಹೆಸರು ಕೆತ್ತಿ ಹೋದರು, ಅಷ್ಟೇ. ಹಳಗನ್ನಡ ಲಿಪಿಯಲ್ಲಿ ಇವೆ. ಉತ್ತರದಿಂದ ಬಂದ ಯಾತ್ರಿಕರು ನಾಗರಿಯಲ್ಲಿ ಕೆತ್ತಿದ್ದೂ ಇವೆ. 'ಶ್ರೀ ಕವಿರತ್ನ' ಅಂತ ಒಂದು ಬಂಡೆ ಮೇಲಿದೆ. ಅದು ಕವಿ ರನ್ನನದ್ದೇ ಅಂತ ವಿದ್ವಾಂಸರು ಗುರುತಿಸುತ್ತಾರೆ. ಸಾವಿರ ವರ್ಷದ ಹಿಂದೆ ನಮ್ಮ ರನ್ನ ಬೆಟ್ಟ ಹತ್ತಿ ಹೆಸರು ಹಾಕಿದ! ದೊಡ್ಡಬೆಟ್ಟದಲ್ಲಿ ಗೊಮ್ಮಟನ ಪಾದದ ಹತ್ತಿರ ಚಾವುಂಡರಾಯ 'ಮಾಡಿಸಿದಂ' ಅಂತ ಕೆತ್ತಿಸಿದ್ದಾನೆ, ಕನ್ನಡದಲ್ಲೂ ತಮಿಳಿನಲ್ಲೂ. ಮರಾಠಿ ಸಾಲೂ ಅಲ್ಲೇ ಇದೆ. ಆದರೆ ಅದು ಮಾಡಿಸಿದವನ ಸಹಿ, ಅದರ ಮಾತು ಬೇರೆ.

ಹಾಗಾದರೆ ಆ ಯಾತ್ರಿಕರು ಮಾಡಿದ್ದು ಗ್ರಾಫಿಟಿ ಅಲ್ಲವಾ? ಗ್ರಾಫಿಟಿಯೇ. ಅದನ್ನು ಒಪ್ಪಿಕೊಳ್ಳಲು ನನಗೆ ಮುಜುಗರ ಇಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಕೆತ್ತಿದ್ದು ಬೋಳು ಬಂಡೆ ಮೇಲೆ. ಶಿಲ್ಪದ ಕೆನ್ನೆ ಮೇಲೆ, ಬೇರೆ ಯಾರದ್ದೋ ಅಕ್ಷರದ ಮೇಲೆ ಅಲ್ಲ. ಅದೂ ಗಟ್ಟಿ ಬಂಡೆ. ಉಳಿ, ಸುತ್ತಿಗೆ ಹಿಡಿದು ಕೂತು ಕೆಲಸ ಮಾಡಬೇಕು. ಹೋಗ್ತಾ ಹೋಗ್ತಾ ಸೆಲ್ಫಿ ನಡುವೆ ಮುಗಿಯುವಂಥದ್ದಲ್ಲ. ಮುಖ್ಯವಾಗಿ, ಆ ಬಂಡೆ ಈಗ ಬೋಳಲ್ಲ. ಒಂಬತ್ತನೇ, ಹತ್ತನೇ ಶತಮಾನದ ಸಣ್ಣ ಜನರ ಹೆಸರು ಉಳಿದಿರುವ ಜಾಗ ಎಷ್ಟಿದೆ ಹೇಳಿ? ಅಂಥ ಜಾಗದಲ್ಲಿ ಹೊಸದಾಗಿ ಕೆತ್ತಿದರೆ ಹಳೆಯದೊಂದು ಹೋಗುತ್ತದೆ.

ಸಾವಿರ ವರ್ಷ ಆದಮೇಲೆ ನನ್ನ ಹೆಸರೂ ಶಾಸನ ಆಗಬಹುದು ಅಲ್ವಾ ಸಾರ್?

ಆಗಬಹುದಪ್ಪ. ಆಗ ಬರುವ ಸಂಶೋಧಕ 'ಇಲ್ಲಿ ಒಂದು ಒಳ್ಳೆಯ ಸಾಲು ಇತ್ತು, ಯಾರೋ ಒಬ್ಬ ಮೇಲೆ ಹೃದಯ ಕೆತ್ತಿ ಹಾಳು ಮಾಡಿದ' ಅಂತ ಬರೆಯಬಹುದು.

ಹಳೇಬೀಡು, ಬೇಲೂರಿನ ಗೋಡೆ ಮೇಲೆ ಸಣ್ಣದಾಗಿ ಗೀಚಿದರೆ ಅಷ್ಟೊಂದು ಏನಾಗಿಬಿಡುತ್ತೆ?

ಮೊದಲು ಕಲ್ಲಿನ ವಿಷಯ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಅದಕ್ಕೇ ಬಳೆಯ ಒಳಗಿನ ಎಳೆಯನ್ನೂ ಬಿಡಿಸಲು ಅವರಿಗೆ ಸಾಧ್ಯವಾಗಿದ್ದು. ಗಾಳಿಗೆ ಬಿದ್ದ ಮೇಲೆ ಮೇಲ್ಮೈ ಗಟ್ಟಿಯಾಗುತ್ತದೆ, ಬಣ್ಣ ಕಪ್ಪಾಗುತ್ತದೆ. ಗಟ್ಟಿ ಅಂದರೂ ಗ್ರಾನೈಟ್‌ನಷ್ಟು ಅಲ್ಲ. ಬೈಕ್ ಕೀ ಸಾಕು. ಎಳೆದ ಕಡೆ ಕಪ್ಪು ಮೈ ಹೋಗಿ ಒಳಗಿನ ಬೂದು ಬಿಳುಪು ಕಾಣುತ್ತದೆ, ಬೆರಳಿಗೆ ನುಣ್ಣನೆ ಹಿಟ್ಟು ಹತ್ತುತ್ತದೆ. ಆ ಹಿಟ್ಟೇ ಶಿಲ್ಪ. ಅದನ್ನು ವಾಪಸ್ ಹಚ್ಚಲು ಬರುವುದಿಲ್ಲ. ಗೀರು ಕಾಣದಂತೆ ಮಾಡಬೇಕಾದರೆ ಸುತ್ತಲಿನ ಕಲ್ಲನ್ನೂ ಉಜ್ಜಬೇಕು. ಅಂದರೆ ಗೀರಿನ ಜೊತೆ ಒಂದಿಷ್ಟು ಕೆತ್ತನೆಯೂ ಹೋಗುತ್ತದೆ.

ಈ ಎರಡು ಊರುಗಳಲ್ಲಿ ಶಿಲ್ಪಿಗಳೇ ತಮ್ಮ ಹೆಸರು ಹಾಕಿದ್ದಾರೆ ಅನ್ನುವುದು ನೆನಪಿರಲಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಶಿಲಾಬಾಲಿಕೆಯರ ಕೆಳಗೆ ಹೆಸರು ಕೆತ್ತಿದ್ದಾರೆ. ಬಿರುದುಗಳ ಸಮೇತ ಹೆಸರು ಹಾಕಿದವರೂ ಇದ್ದಾರೆ. ಬೇರೆ ಎಷ್ಟೋ ದೊಡ್ಡ ದೇವಸ್ಥಾನಗಳನ್ನು ಕಟ್ಟಿದವರು ಯಾರು ಅಂತಲೇ ಗೊತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಗೊತ್ತು. ದಾಸೋಜ ಆ ಗೊಂಬೆಯನ್ನು ಮಾಡಿ ಹೆಸರು ಹಾಕಿದ. ಕೀ ಹಿಡಿದವನು ಏನನ್ನು ಮಾಡಿ ಹೆಸರು ಹಾಕುತ್ತಾನೆ?

ಇನ್ನು ಕಾನೂನು. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವನ್ನು ವಿರೂಪ ಮಾಡಿದರೆ 1958ರ ಕಾಯ್ದೆ ಪ್ರಕಾರ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲು ಇದು 3 ತಿಂಗಳು, 5 ಸಾವಿರ ರೂಪಾಯಿ ಇತ್ತು. 2010ರ ತಿದ್ದುಪಡಿಯಲ್ಲಿ ಏರಿಸಿದರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಜನ ಜಾಸ್ತಿ ಬರುತ್ತಾರೆ, ಕೀ ಗೊಂಚಲುಗಳೂ ಜಾಸ್ತಿ ಬರುತ್ತವೆ.

ಶೆಟ್ಟಿಹಳ್ಳಿ ಚರ್ಚ್ ಹೇಗಿದ್ರೂ ಪಾಳು ಬಿದ್ದಿದೆ. ಅಲ್ಲಿ ಬರೆದರೆ ಯಾರಿಗೆ ನಷ್ಟ?

ಹೀಗೆ ಅಂದುಕೊಂಡವರ ಹೆಸರುಗಳೆಲ್ಲ ಅಲ್ಲಿನ ಗೋಡೆ ಮೇಲಿವೆ. ಇದ್ದಿಲು, ಸೀಮೆಸುಣ್ಣ, ಇಟ್ಟಿಗೆ ಚೂರು, ಕೈಗೆ ಸಿಕ್ಕಿದ್ದರಲ್ಲಿ ಬರೆದಿದ್ದಾರೆ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರು ಬಂತು, ಊರು ಎದ್ದು ಹೋಯಿತು. ಅಲ್ಲಿ ಮದುವೆ ಆದವರ, ನಾಮಕರಣ ಆದವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ. ಸೂರು ಇಲ್ಲದ್ದು ನಿಜ, ವಾರಸುದಾರರು ಇಲ್ಲ ಅನ್ನುವುದು ನಿಜ ಅಲ್ಲ.

ಇನ್ನೊಂದು ವಿಷಯ ಇದೆ. ಪ್ರತಿ ಮಳೆಗಾಲ ನೀರಲ್ಲಿ ನೆನೆದು, ಬೇಸಿಗೆಯಲ್ಲಿ ಒಣಗಿ ಆ ಗಾರೆ ಮೊದಲೇ ಸಡಿಲ ಆಗಿದೆ. ಉಗುರಲ್ಲಿ ಕೆರೆದರೂ ಉದುರುತ್ತದೆ. ಅಲ್ಲಿ ಇಟ್ಟಿಗೆ ಚೂರಿನಿಂದ ಬರೆಯುವುದು ಅಂದರೆ ಗೋಡೆಯನ್ನೇ ಸ್ವಲ್ಪ ಸ್ವಲ್ಪ ಕೆಡವುವುದು. ಸಕಲೇಶಪುರದ ಮಂಜರಾಬಾದ್ ಕೋಟೆಯ ಕಮಾನುಗಳಿಗೂ ಇದೇ ಮಾತು.

ಮುಳ್ಳಯ್ಯನಗಿರಿ ದಾರಿಯ ಬಂಡೆ ಮೇಲೆ?

ಬೇಡ. ಬಂಡೆ ಮೇಲೆ ಹಬ್ಬಿರುವ ಕಲ್ಲುಹೂವು ಬೆಳೆಯುವುದು ತುಂಬಾ ನಿಧಾನ, ಆಯಿಲ್ ಪೇಂಟ್ ಬಿದ್ದರೆ ಅದು ಅಲ್ಲಿಗೆ ಮುಗಿಯಿತು. 1,930 ಮೀಟರ್ ಎತ್ತರಕ್ಕೆ ಹೋಗಿ ಮಂಜು ನೋಡುವವರಿಗೆ ನಿಮ್ಮ ಕಾಲೇಜಿನ ಬ್ಯಾಚ್ ನಂಬರ್ ಬೇಕಿಲ್ಲ.

ಸಿಟಿಯಲ್ಲಿ ಸ್ಪ್ರೇ ಡಬ್ಬಿ ಹಿಡಿದು ಬರೆದರೆ ಪೊಲೀಸರು ಹಿಡೀತಾರಾ?

ಹಿಡಿಯಬಹುದು. ಕರ್ನಾಟಕದಲ್ಲಿ ತೆರೆದ ಸ್ಥಳಗಳ ವಿರೂಪ ತಡೆಗೆ ಅಂತಲೇ 1981ರ ಕಾಯ್ದೆ ಇದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಜಾಹೀರಾತು ಅಂಟಿಸಿದರೆ, ಬರೆದರೆ 6 ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದರಲ್ಲಿ ಜಾಹೀರಾತು ಅನ್ನುವುದರ ಅರ್ಥ ದೊಡ್ಡದು. ಅಕ್ಷರ, ಗುರುತು, ಚಿತ್ರ ಇರುವ ಬಹುತೇಕ ಎಲ್ಲವೂ ಅದರೊಳಗೆ ಬರುತ್ತವೆ. ಸರ್ಕಾರಿ ಆಸ್ತಿಗೆ ಹಾನಿ ಅಂತಾದರೆ 1984ರ ಕೇಂದ್ರ ಕಾಯ್ದೆ ಇದೆ, ಅದರಲ್ಲಿ ಶಿಕ್ಷೆ 5 ವರ್ಷದವರೆಗೂ ಹೋಗುತ್ತದೆ. ಖಾಸಗಿಯವರ ಗೋಡೆಯಾದರೆ ಬೇರೆಯವರ ಆಸ್ತಿಗೆ ಹಾನಿ ಮಾಡುವುದರ ಬಗ್ಗೆ ಇರುವ ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ ಇದೆ. ಬರೆದ ಮಾತು ಜನರ ನಡುವೆ ಬೆಂಕಿ ಹಚ್ಚುವಂಥದ್ದಾದರೆ ಅದಕ್ಕೆ ಬೇರೆಯೇ ಸೆಕ್ಷನ್‌ಗಳಿವೆ. ಆಗ ಗೋಡೆ ವಿಷಯ ಹಿಂದೆ ಸರಿಯುತ್ತದೆ.

2022ರ ಮೇ ತಿಂಗಳಲ್ಲಿ ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಒಂದು ಶಾಲೆಯ ಗೋಡೆ, ಮೆಟ್ಟಿಲು, ಸುತ್ತಲಿನ ರಸ್ತೆ ಎಲ್ಲ ಕಡೆ ಕೆಂಪು ಬಣ್ಣದಲ್ಲಿ 'ಸಾರಿ' 'ಸಾರಿ' ಅಂತ ಯಾರೋ ಬರೆದಿದ್ದು ನೆನಪಿದೆಯಾ? ಬೈಕಿನಲ್ಲಿ ಬಂದ ಇಬ್ಬರು ಸಿಸಿಟಿವಿಯಲ್ಲಿ ಸಿಕ್ಕಿದ್ದರು. ಯಾರಿಗೆ ಸಾರಿ, ಯಾಕೆ ಸಾರಿ ಅಂತ ಊರೆಲ್ಲ ಮಾತಾಡಿತು. ಕಲಾ ವಿದ್ಯಾರ್ಥಿಗಳು ವರ್ಷಗಟ್ಟಲೆ ಒದ್ದಾಡಿದರೂ ಒಂದು ಬೀದಿಯನ್ನು ಅಷ್ಟು ಹಿಡಿದು ನಿಲ್ಲಿಸಲು ಆಗುವುದಿಲ್ಲ ಅನ್ನಿಸಿತು ನನಗೆ. ಹಾಗಂತ ಆ ಮೆಟ್ಟಿಲು ಉಜ್ಜಿದವರ ಬೆನ್ನು ನೋವು ಕಡಿಮೆ ಆಗುವುದಿಲ್ಲ.

ಲೀಡರ್‌ಗಳ ಹುಟ್ಟುಹಬ್ಬದ ಫ್ಲೆಕ್ಸ್, ಟ್ಯೂಷನ್ ಪೋಸ್ಟರ್, 'ಪೈಲ್ಸ್‌ಗೆ ಚಿಕಿತ್ಸೆ'... ಇವನ್ನು ಯಾರೂ ಕೇಳಲ್ವಲ್ಲಾ?

ಇದೇ ನನ್ನ ಹೊಟ್ಟೆಯೊಳಗಿನ ಸಂಕಟ. ಕಾನೂನು ಎಲ್ಲರಿಗೂ ಒಂದೇ. ಹಾಸನದ ಬಿ.ಎಂ. ರಸ್ತೆಯಲ್ಲಿ, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ನೋಡಿ. ಕರೆಂಟ್ ಕಂಬದ ಮೇಲೆ ಪಿ.ಜಿ. ಜಾಹೀರಾತು, ಅದರ ಮೇಲೆ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸ್, ಅದರ ಮೇಲೆ ಬೋರ್‌ವೆಲ್ ಪಾಯಿಂಟ್ ನೋಡುವವರ ನಂಬರು. ಮಳೆ ಬಂದರೆ ಎಲ್ಲ ಒಟ್ಟಿಗೆ ದಪ್ಪಗೆ ಸುಲಿದುಕೊಂಡು ನೇತಾಡುತ್ತವೆ. ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಿದರೆ ಸಿಗ್ನಲ್ ಕೂಡ ಕಾಣುವುದಿಲ್ಲ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧ ಮಾಡಿದೆ. ಮಾಡಿದೆ, ಅಷ್ಟೇ.

ಒಬ್ಬ ಹುಡುಗ ರಾತ್ರಿ ಗೋಡೆ ಮೇಲೆ ಒಂದು ಮೀನು ಬರೆದರೆ 'ಊರು ಕೆಟ್ಟೋಯ್ತು' ಅನ್ನುವವರು ಫ್ಲೆಕ್ಸ್ ಕೆಳಗೆ ನಿಂತೇ ಟೀ ಕುಡಿಯುತ್ತಿರುತ್ತಾರೆ. ದುಡ್ಡು ಕೊಟ್ಟು ಪ್ರಿಂಟ್ ಹಾಕಿಸಿದ್ದು ನಮಗೆ ಕೊಳಕು ಅನ್ನಿಸುವುದಿಲ್ಲ, ಕೈಯಲ್ಲಿ ಬರೆದದ್ದು ಅನ್ನಿಸುತ್ತದೆ. ಗ್ರಾಫಿಟಿ ಬಗ್ಗೆ ಸಿಟ್ಟು ಇದ್ದರೆ ಇರಲಿ, ಆದರೆ ಅದರಲ್ಲಿ ಒಂದು ಪಾಲು ಫ್ಲೆಕ್ಸ್‌ಗೂ ಸಿಗಲಿ.

ಚುನಾವಣೆ ಬಂದಾಗ ಮಾತ್ರ ನೀತಿಸಂಹಿತೆಯಿಂದ ಸ್ವಲ್ಪ ಉಸಿರಾಡಬಹುದು. ಯಾರ ಕಾಂಪೌಂಡ್ ಮೇಲೂ ಅವರ ಅನುಮತಿ ಇಲ್ಲದೆ ಘೋಷಣೆ ಬರೆಯುವಂತಿಲ್ಲ, ಪೋಸ್ಟರ್ ಅಂಟಿಸುವಂತಿಲ್ಲ.

ಹಿಂದೆ ಚಳವಳಿಯವರು ಗೋಡೆ ಬರಹ ಬರೀತಿದ್ರಲ್ಲಾ, ಅದೂ ಕಿಡಿಗೇಡಿತನನಾ?

ಆ ಕಾಲದಲ್ಲಿ ಪತ್ರಿಕೆಯಲ್ಲಿ ಜಾಗ ಸಿಗದವರಿಗೆ ಗೋಡೆಯೇ ಪತ್ರಿಕೆ. ಕೆಮ್ಮಣ್ಣು, ಸುಣ್ಣ, ಒಂದು ಕುಂಚ, ರಾತ್ರಿ ಒಂದು ಸೈಕಲ್ಲು. ಎಪ್ಪತ್ತು, ಎಂಬತ್ತರ ದಶಕದ ದಲಿತ ಚಳವಳಿ, ರೈತ ಚಳವಳಿ ಹಳ್ಳಿ ಹಳ್ಳಿಗೆ ತಲುಪಿದ್ದರಲ್ಲಿ ಗೋಡೆ ಬರಹದ ಪಾಲು ದೊಡ್ಡದು. 1980ರಲ್ಲಿ ಹುಟ್ಟಿದ ರೈತ ಸಂಘದವರು ಊರ ಬಾಗಿಲಲ್ಲಿ ಬೋರ್ಡ್ ಹಾಕುತ್ತಿದ್ದರು: ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು. ಸಾಲ ವಸೂಲಿಗೆ ಬಂದ ಜೀಪು ಅದನ್ನು ಓದಲೇಬೇಕಿತ್ತು. ಓದಿದ ಮೇಲೆ ಒಳಗೆ ಹೋಗಬೇಕಾ ಅಂತ ಯೋಚನೆ ಮಾಡಲೇಬೇಕಿತ್ತು.

ಅಕ್ಷರ ಸೊಟ್ಟಗಿದ್ದರೂ ಆ ಬರಹಕ್ಕೆ ಅರ್ಥ ಇತ್ತು. ನನ್ನನ್ನು ಕೇಳಿದರೆ, ನಮ್ಮ ಕಡೆ ಗೋಡೆ ಮೇಲೆ ಬಂದ ಅತ್ಯಂತ ಮುಖ್ಯ ಕೆಲಸ ಅದು. ನಮ್ಮ ಬಣ್ಣ ಬಣ್ಣದ ಹಕ್ಕಿಗಳು ಅದರ ಹತ್ತಿರಕ್ಕೂ ಬರುವುದಿಲ್ಲ.

ಈಗಿನವರಲ್ಲಿ ಆ ಜಾಡು ಹಿಡಿದವರು ಅಂದರೆ ಮೈಸೂರಿನ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ನಿಜವಾದ ಮೊಸಳೆ ಗಾತ್ರದ ಮೊಸಳೆ ಮಾಡಿ ಬಿಟ್ಟರು. 2019ರಲ್ಲಿ ಇನ್ನೊಂದು ಗುಂಡಿ ರಸ್ತೆಯಲ್ಲಿ ಗಗನಯಾತ್ರಿ ಬಟ್ಟೆ ತೊಡಿಸಿ ಒಬ್ಬರನ್ನು ನಡೆಸಿ ವಿಡಿಯೋ ಮಾಡಿದರು, ಚಂದ್ರನ ಮೇಲೆ ನಡೆದ ಹಾಗೇ ಕಾಣುತ್ತಿತ್ತು. ನೋಡಿ ನಕ್ಕಿದ್ದೂ ಆಯಿತು, ರಸ್ತೆ ರಿಪೇರಿಗೆ ಜನ ಬಂದಿದ್ದೂ ಆಯಿತು.

ಒಂದು ಗೋಡೆ ಗೀಚಿದರೆ ಇಡೀ ಏರಿಯಾ ಕೆಡುತ್ತೆ ಅಂತಾರೆ. ನಿಜಾನಾ?

ಸ್ವಲ್ಪ ಮಟ್ಟಿಗೆ ನಿಜ. 2008ರಲ್ಲಿ ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್ ಊರಿನಲ್ಲಿ ಒಂದು ಪ್ರಯೋಗ ಮಾಡಿದರು. ಸೈಕಲ್ ನಿಲ್ಲಿಸುವ ಓಣಿ. ಪ್ರತಿ ಸೈಕಲ್ ಹ್ಯಾಂಡಲ್‌ಗೆ ಒಂದು ಕರಪತ್ರ ಸಿಕ್ಕಿಸಿದರು. ಕಸದ ಬುಟ್ಟಿ ಇಟ್ಟಿರಲಿಲ್ಲ. ಗೋಡೆ ಚೊಕ್ಕಟವಾಗಿದ್ದಾಗ ನೂರಕ್ಕೆ 33 ಜನ ಕರಪತ್ರ ನೆಲಕ್ಕೆ ಎಸೆದರು. ಅದೇ ಗೋಡೆ ಮೇಲೆ ಗೀಚಿದಾಗ ನೂರಕ್ಕೆ 69 ಜನ. ದುಪ್ಪಟ್ಟಿಗೂ ಜಾಸ್ತಿ.

ಆದರೆ ಅವರು ಗೀಚಿದ್ದು ಬೇಕೆಂದೇ ಸುಮ್ನೆ ಗೀಚಿದ್ದು, ಯಾರಿಗೂ ಕಲೆ ಅನ್ನಿಸಬಾರದು ಅಂತ. ಗೋಡೆ ಬಳಿ 'ಇಲ್ಲಿ ಬರೆಯಬೇಡಿ' ಅಂತ ಬೋರ್ಡ್ ಬೇರೆ ಇತ್ತು. ಹಾಗಾಗಿ ಜನ ನೋಡಿದ್ದು 'ಇಲ್ಲಿ ನಿಯಮ ಯಾರೂ ಪಾಲಿಸುವುದಿಲ್ಲ' ಅನ್ನುವುದನ್ನು. ಒಳ್ಳೆಯ ಭಿತ್ತಿಚಿತ್ರ ಇದ್ದರೂ ಹೀಗೇ ಆಗುತ್ತದೆ ಅಂತ ಈ ಪ್ರಯೋಗ ಹೇಳುವುದಿಲ್ಲ. ಪೋಸ್ಟರ್ ಮೇಲೆ ಪೋಸ್ಟರ್ ಅಂಟಿದ ನಮ್ಮ ಕಂಬಗಳ ಬುಡದಲ್ಲಿ ಕಸ ಯಾಕೆ ಬೀಳುತ್ತದೆ ಅನ್ನುವುದಕ್ಕೆ ಮಾತ್ರ ಉತ್ತರ ಸಿಗುತ್ತದೆ.

ಸರ್ಕಾರದವರೇ ಗೋಡೆಗಳಿಗೆ ಶಿಲಾಬಾಲಿಕೆ, ಯಕ್ಷಗಾನ, ಹುಲಿ, ಕಾಫಿ ಹಣ್ಣು ಬರೆಸ್ತಾರಲ್ಲ, ಅದು ಒಳ್ಳೇದೇ ಅಲ್ವಾ?

ಒಳ್ಳೆಯದೇ. ಕೂಲಿ ಸಿಗುತ್ತದೆ, ಗೋಡೆ ಚೊಕ್ಕಟ ಇರುತ್ತದೆ. 2009ರ ಹೊತ್ತಿಗೆ ಬೆಂಗಳೂರಿನಲ್ಲಿ ಬಿಬಿಎಂಪಿ ಹೀಗೆ ಗೋಡೆಗಳಿಗೆ ಚಿತ್ರ ಬರೆಸಿದಾಗ ಕೆಲಸ ಸಿಕ್ಕಿದ್ದು ಸಿನಿಮಾ ಬ್ಯಾನರ್ ಬರೆಯುತ್ತಿದ್ದವರಿಗೆ. ಡಿಜಿಟಲ್ ಪ್ರಿಂಟ್ ಬಂದು ಅವರ ಹೊಟ್ಟೆ ಮೇಲೆ ಹೊಡೆದಿತ್ತು. ರಾಜ್‌ಕುಮಾರ್ ಮುಖವನ್ನು ಇಪ್ಪತ್ತು ಅಡಿ ಎತ್ತರಕ್ಕೆ ಅಳತೆ ತಪ್ಪದೆ ಬರೆಯುವ ಕೈಗಳು ಅವು.

ಆದರೆ ನನ್ನ ತಕರಾರು ಇದೆ. ಹಳೇಬೀಡಿನಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿ ಸಿಮೆಂಟ್ ಗೋಡೆ ಮೇಲೆ ಇನ್ನೊಂದು ಶಿಲಾಬಾಲಿಕೆ ಯಾಕೆ? ನಿಜವಾದದ್ದು ಬಸ್ಸಿನಲ್ಲಿ ಒಂದು ಗಂಟೆ ದೂರ ಅಷ್ಟೇ. ಎಲ್ಲ ಊರಿನಲ್ಲೂ ಅದೇ ಯಕ್ಷಗಾನದ ಮುಖ, ಅದೇ ಹುಲಿ, ಅದೇ 'ಮರ ಬೆಳೆಸಿ'. ಯಾರಿಗೂ ನೋವಾಗಬಾರದು ಅಂತ ಬರೆದದ್ದು ಯಾರಿಗೂ ತಟ್ಟುವುದೂ ಇಲ್ಲ. ಸಂತೆಯಲ್ಲಿ ಆಲೂಗಡ್ಡೆ ಮೂಟೆ ಹೊರುವವರನ್ನು ಬರೆಯಿರಿ. ಕಾಫಿ ಹಣ್ಣಿನ ಬದಲು ಹಣ್ಣು ಬಿಡಿಸುವ ಕೈಗಳನ್ನು ಬರೆಯಿರಿ. ಆನೆ ತುಳಿದ ಗದ್ದೆ ಎದುರು ನಿಂತ ಸಕಲೇಶಪುರದ ರೈತನನ್ನು ಬರೆಯಿರಿ. ಇಂಥದ್ದಕ್ಕೆ ಅನುಮತಿ ಕೇಳಿದರೆ 'ಸ್ವಲ್ಪ ಚೆಂದದ್ದು ಏನಾದ್ರೂ ಬರೀರಿ ಸಾರ್' ಅನ್ನುತ್ತಾರೆ. ಕೇಳದೆ ಬರೆಯುವವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಇರುವುದು ಇಲ್ಲೇ.

ದೇವರ ಚಿತ್ರ ಬರೆದರೆ ಗೋಡೆಗೆ ಉಚ್ಚೆ ಹೊಯ್ಯಲ್ಲ ಅಂತಾರೆ. ಬರೆದು ಕೊಡ್ತೀರಾ?

ಇಲ್ಲ. ಶೌಚಾಲಯ ಕಟ್ಟಿಸಿ.

ಕನ್ನಡ ಅಕ್ಷರದಲ್ಲಿ ಗ್ರಾಫಿಟಿ ಚೆನ್ನಾಗಿ ಬರುತ್ತಾ?

ಬಹಳ ಚೆನ್ನಾಗಿ ಬರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಬಾಣ, ಬಾಲ ಎಲ್ಲ ಹೊರಗಿನಿಂದ ಸೇರಿಸಬೇಕು. ನಮ್ಮಲ್ಲಿ ತಲೆಕಟ್ಟು, ಕೊಂಬು, ದೀರ್ಘ, ಒತ್ತು ಎಲ್ಲ ಮೊದಲೇ ಇವೆ. 'ಸ್ತ್ರೀ' ಅಂತ ಒಂದೇ ಅಕ್ಷರವನ್ನು ಆರು ಅಡಿ ಎತ್ತರಕ್ಕೆ ಬರೆದು ನೋಡಿ, ಒತ್ತುಗಳು ಕೆಳಗೆ ಇಳಿದು ಗೋಡೆ ತುಂಬಿಬಿಡುತ್ತದೆ. ತೊಂದರೆ ಅಂದರೆ ಜಾಗದ ಲೆಕ್ಕ. ಮೊದಲ ಸಾಲಿನ ಒತ್ತಕ್ಷರ ಎರಡನೇ ಸಾಲಿನ ತಲೆಗೆ ಬಡಿಯುತ್ತದೆ. ಹಳೇ ಬೋರ್ಡ್ ಆರ್ಟಿಸ್ಟ್‌ಗಳು ಇದಕ್ಕೆ ಬಣ್ಣದ ಪುಡಿ ಹಚ್ಚಿದ ದಾರ ಬಿಗಿಹಿಡಿದು ಗೋಡೆಗೆ ಒಂದು ಸಲ ಚಿಮ್ಮಿಸಿ ಗೆರೆ ಹಾಕಿಕೊಳ್ಳುತ್ತಿದ್ದರು. ನಾವೂ ಹಾಗೇ ಮಾಡುತ್ತೇವೆ. ಲಾರಿ ಹಿಂದೆ, ಆಟೋ ಹಿಂದೆ ಬರೆಯುವವರ ಹತ್ತಿರ ಒಂದು ದಿನ ಕೂತರೆ ಯೂಟ್ಯೂಬ್‌ನಲ್ಲಿ ಸಿಗದ್ದು ಸಿಗುತ್ತದೆ.

ಬ್ಯಾಂಕ್ಸಿ ಚಿತ್ರ ಕೋಟಿ ಕೋಟಿಗೆ ಹೋಗುತ್ತಂತೆ?

ಹೋಗುತ್ತದೆ. ಬ್ಯಾಂಕ್ಸಿ ಅಂದರೆ ತನ್ನ ಗುರುತು ಬಿಟ್ಟುಕೊಡದೆ ಗೋಡೆ ಮೇಲೆ ಬರೆಯುವ ಬ್ರಿಟನ್ನಿನ ಕಲಾವಿದ. 2018ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅವನ ಬಲೂನ್ ಹುಡುಗಿಯ ಚಿತ್ರ ಸುಮಾರು 10 ಲಕ್ಷ ಪೌಂಡ್‌ಗೆ ಮಾರಾಟವಾದ ಕ್ಷಣದಲ್ಲೇ ಚೌಕಟ್ಟಿನೊಳಗೆ ಅಡಗಿಸಿಟ್ಟಿದ್ದ ಯಂತ್ರ ಅದನ್ನು ಅರ್ಧ ಚೂರು ಮಾಡಿತು. ಮೂರು ವರ್ಷ ಬಿಟ್ಟು ಅದೇ ಹರಿದ ಚಿತ್ರ 1 ಕೋಟಿ 85 ಲಕ್ಷ ಪೌಂಡ್‌ಗೆ ಹೋಯಿತು. ಇದರಿಂದ ಗ್ರಾಫಿಟಿ ಕಲೆ ಅಂತ ಸಾಬೀತಾಗುತ್ತದೆ ಅಂತ ಕೆಲವರು ವಾದ ಮಾಡುತ್ತಾರೆ. ದುಡ್ಡಿರುವವರು ಹೆಚ್ಚಿದ್ದಾರೆ ಅಂತ ಸಾಬೀತಾಗುತ್ತದೆ, ಅಷ್ಟೇ.

ಅನುಮತಿ ಪಡೆದು ಬರೆದ ಚಿತ್ರದ ಮೇಲೆ ಮಾಲೀಕರು ಸುಣ್ಣ ಹೊಡೆದರೆ ಏನು ಮಾಡಬಹುದು?

ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಫೈವ್ ಪಾಯಿಂಟ್ಸ್ ಅನ್ನುವ ಹಳೆ ಕಾರ್ಖಾನೆ ಕಟ್ಟಡ ಇತ್ತು. ಮಾಲೀಕರ ಒಪ್ಪಿಗೆಯಿಂದಲೇ ಗೋಡೆ ತುಂಬ ಗ್ರಾಫಿಟಿ. 2013ರಲ್ಲಿ ಒಂದು ರಾತ್ರಿ ಎಲ್ಲದರ ಮೇಲೆ ಬಿಳಿ ಬಣ್ಣ ಬಳಿಸಿದರು. ಕಲಾವಿದರು ಕೋರ್ಟಿಗೆ ಹೋದರು. 2018ರಲ್ಲಿ 21 ಕಲಾವಿದರಿಗೆ 67 ಲಕ್ಷ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಬೇಕು ಅಂತ ತೀರ್ಪಾಯಿತು. 2020ರಲ್ಲಿ ಮೇಲಿನ ಕೋರ್ಟೂ ಎತ್ತಿ ಹಿಡಿಯಿತು.

ನಮ್ಮಲ್ಲೂ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಇದೆ, ತನ್ನ ಕೃತಿಯನ್ನು ವಿರೂಪ ಮಾಡಿದರೆ ಪ್ರಶ್ನಿಸುವ ಹಕ್ಕನ್ನು ಅದು ಕಲಾವಿದನಿಗೆ ಕೊಡುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ್ ಸೆಹಗಲ್ ಮಾಡಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. 2005ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಕಲಾವಿದನಿಗೆ ವಾಪಸ್ ಕೊಡಿ, ಜೊತೆಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂದಿತು. ಕಿತ್ತಿದ್ದು ಯಾವಾಗ, ತೀರ್ಪು ಬಂದಿದ್ದು ಯಾವಾಗ ನೋಡಿಕೊಳ್ಳಿ. ಟೀ ಅಂಗಡಿ ಗೋಡೆ ಮೇಲಿನ ಹಕ್ಕಿಗೋಸ್ಕರ ಕೋರ್ಟಿಗೆ ಹೋಗುವುದು ನಮ್ಮ ಕೈಲಾಗದ ಕೆಲಸ. ಬಣ್ಣ ಆರುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಎಷ್ಟು ವರ್ಷ ಇರಬೇಕು ಅನ್ನುವುದನ್ನು ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಸಾಕು.

ಅನುಮತಿ ಯಾರ ಹತ್ತಿರ ಕೇಳಬೇಕು?

ಖಾಸಗಿ ಗೋಡೆಯಾದರೆ ಮಾಲೀಕರ ಹತ್ತಿರ, ಬಾಡಿಗೆದಾರರ ಹತ್ತಿರ ಅಲ್ಲ. ಇದರಿಂದ ಎಷ್ಟೋ ಜಗಳ ತಪ್ಪುತ್ತದೆ. ರಸ್ತೆಗೆ ಕಾಣುವ ಗೋಡೆಯಾದರೆ ಊರಿನ ಸ್ಥಳೀಯ ಸಂಸ್ಥೆಗೂ ಒಂದು ಅರ್ಜಿ ಕೊಡಿ. ಶಾಲೆಯಾದರೆ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ). ಅರ್ಜಿ ಜೊತೆ ಬರೆಯಬೇಕೆಂದಿರುವ ಚಿತ್ರದ ಬಣ್ಣದ ನಕಲು ಇಡಿ. ಸ್ಮಾರಕದ ಆಸುಪಾಸಿನ ಗೋಡೆಯಾದರೆ ಪುರಾತತ್ವ ಇಲಾಖೆಯವರನ್ನು ಕೇಳದೆ ಕೈ ಹಾಕಬೇಡಿ.

ಅಂಗಡಿ ಶಟರ್ ಮೇಲೆ ಯಾರೋ ರಾತ್ರಿ ಸ್ಪ್ರೇ ಹೊಡೆದಿದ್ದಾರೆ. ತೆಗೆಯೋದು ಹೇಗೆ?

ಮೊದಲು ಫೋಟೋ, ದೂರು ಕೊಡುವುದಿದ್ದರೆ ಬೇಕಾಗುತ್ತದೆ. ಆಮೇಲೆ ಬೇಗ ಶುರು ಮಾಡಿ, ದಿನ ಕಳೆದಷ್ಟೂ ಬಣ್ಣ ಗಟ್ಟಿ. ಬಟ್ಟೆಗೆ ಥಿನ್ನರ್ ಹಾಕಿ, ಸಣ್ಣ ಸಣ್ಣ ಜಾಗ ಒರೆಸಿ. ಬಟ್ಟೆ ಬದಲಿಸುತ್ತಾ ಇರಿ, ಇಲ್ಲದಿದ್ದರೆ ಬಣ್ಣ ಇನ್ನೂ ಅಗಲಕ್ಕೆ ಹರಡುತ್ತದೆ. ಶಟರ್‌ನ ಮೂಲ ಬಣ್ಣವೂ ಸ್ವಲ್ಪ ಹೋಗುತ್ತದೆ, ಮೂಲೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿ. ಬೀಡಿ, ಸಿಗರೇಟ್, ಗ್ಯಾಸ್ ಸ್ಟವ್ ದೂರ ಇರಲಿ.

ಸಿಮೆಂಟ್ ಗೋಡೆಯಾದರೆ ಉಜ್ಜುವ ಬದಲು ಪ್ರೈಮರ್ ಹೊಡೆದು ಬಣ್ಣ ಬಳಿಯಿರಿ. ಪ್ರೈಮರ್ ಇಲ್ಲದೆ ಬರೀ ಸುಣ್ಣ ಹೊಡೆದರೆ ಕೆಂಪು ಬಣ್ಣ ಎರಡೇ ದಿನದಲ್ಲಿ ಮತ್ತೆ ಇಣುಕುತ್ತದೆ. ಸೈಜುಗಲ್ಲು, ಹಳೇ ಇಟ್ಟಿಗೆ ಗೋಡೆಗೆ ಥಿನ್ನರ್ ಬೇಡ, ಬಣ್ಣವನ್ನು ಒಳಗೆ ಇಳಿಸಿಬಿಡುತ್ತದೆ. ತಂತಿ ಬ್ರಷ್, ಆಸಿಡ್ ಅಂತೂ ಬೇಡವೇ ಬೇಡ.

ನನ್ನ ಮಗ ಸ್ಕೂಲ್ ಬೆಂಚು, ಮನೆ ಗೋಡೆ ಎಲ್ಲಾ ಗೀಚ್ತಾನೆ. ಏನು ಮಾಡೋದು?

ಅಕ್ಕ, ಬೆಂಚಿನ ಮೇಲೆ ಗೀಚಿದ್ದಕ್ಕೆ ಅವನ ಕೈಯಲ್ಲೇ ಉಜ್ಜಿಸಿ. ಉಪ್ಪುಕಾಗದ ಕೊಡಿ, ಅರ್ಧ ದಿನ ಉಜ್ಜಲಿ. ಮನೆಯಲ್ಲಿ ಒಂದು ಗೋಡೆ ಅವನಿಗೇ ಬಿಟ್ಟುಕೊಡಿ. ಹಿತ್ತಲ ಗೋಡೆಯಾದರೂ ಪರವಾಗಿಲ್ಲ. ತುಂಬಿದ ಮೇಲೆ ಅವನೇ ಸುಣ್ಣ ಹೊಡೆದು ಮತ್ತೆ ಬರೆಯಬೇಕು ಅಂತ ಹೇಳಿ. ನಮ್ಮ ಗುಂಪಿನಲ್ಲಿ ಅರ್ಧ ಜನ ಬೆಂಚು ಗೀಚಿ ಏಟು ತಿಂದವರೇ.

ಮಳೆಗಾಲದಲ್ಲಿ ಬರೆದು ಕೊಡ್ತೀರಾ?

ಚಿಕ್ಕಮಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗಿನ ಗೋಡೆ ಮುಟ್ಟುವುದಿಲ್ಲ. ಗೋಡೆ ಒಳಗೇ ನೀರು ಇರುತ್ತದೆ, ಮೇಲೆ ಒಣಗಿದ ಹಾಗೆ ಕಂಡರೂ ಬಣ್ಣ ಗುಳ್ಳೆ ಎದ್ದು ಸುಲಿಯುತ್ತದೆ. ಹಾಸನದ ಕಡೆ ಮಳೆ ಕಡಿಮೆ, ಬಿಸಿಲು ನೋಡಿಕೊಂಡು ಕೆಲವೊಮ್ಮೆ ಮಾಡುತ್ತೇವೆ. ನವೆಂಬರ್‌ನಿಂದ ಶುರು ಮಾಡಿ ಕಾಫಿ ಗಿಡ ಹೂ ಬಿಡಿಸುವ ಬೇಸಿಗೆಯ ಮೊದಲ ಮಳೆ, ಅಂದರೆ ಹೂಮಳೆ, ಬೀಳುವುದರೊಳಗೆ ಮುಗಿಸುವುದು ಒಳ್ಳೆಯದು. ಹೊಸದಾಗಿ ಪ್ಲಾಸ್ಟರ್ ಮಾಡಿದ ಗೋಡೆಯಾದರೆ ಒಂದು ತಿಂಗಳಾದರೂ ಬಿಡಿ. ಪಾಚಿ ಕಟ್ಟಿದ್ದರೆ ಪೂರ್ತಿ ಹೆರೆದು, ಬ್ಲೀಚಿಂಗ್ ಪುಡಿ ನೀರಿನಲ್ಲಿ ತೊಳೆದು, ಒಣಗಿಸಿ ಇಟ್ಟಿರಿ. ಆ ಕೆಲಸಕ್ಕೆ ನಾವು ಬರುವುದಿಲ್ಲ.